ಕಾವಲಿಯ ಮೇಲಿನ ಬೂತಾಯಿ

ಮನುಷ್ಯರಲ್ಲಿ ಮೇಲು ಕೀಳು ಎಣಿಸಬಾರದೆಂದು ಶಾಲೆಯಲ್ಲಿ ಹೇಳಿಕೊಡುತ್ತಾರೆ. ಮೀನು ಮಾರುಕಟ್ಟೆಗೆ ಮಾತ್ರ ಈ ಪಾಠ ಇನ್ನೂ ತಲುಪಿದಂತಿಲ್ಲ. ಮಂಗಳೂರಿನ ಧಕ್ಕೆಯಿರಲಿ, ಮಲ್ಪೆಯ ಬಂದರಿರಲಿ, ಕಾರವಾರದ ಪೇಟೆಯಿರಲಿ, ಮೀನುಗಳಲ್ಲಿ ಒಂದು ಪಂಕ್ತಿಭೇದ ಇದ್ದೇ ಇದೆ. ಅಂಜಲ್ ಮತ್ತು ಮಾಂಜಿ ಮೊದಲ ಪಂಕ್ತಿಯವರು. ಅವುಗಳ ಬೆಲೆ ಕೇಳುವಾಗ ಗಿರಾಕಿಯ ದನಿ ತಾನಾಗಿಯೇ ತಗ್ಗುತ್ತದೆ. ಕಾಣೆ ಬಂದ ನೆಂಟರಿಗೆ. ಬಂಗುಡೆ ಮನೆಮಂದಿಗೆ. ಕಟ್ಟಕಡೆಯ ಬುಟ್ಟಿಯಲ್ಲಿ ರಾಶಿ ಬಿದ್ದು ಹೊಳೆಯುವುದು ಬೂತಾಯಿ. ತುಳುವರ ಬೂತಾಯಿಯೇ ಕುಂದಾಪುರದ ಕಡೆ ಬೈಗೆ, ಕಾರವಾರದಲ್ಲಿ ತಾರ್ಲೆ, ಗಡಿ ದಾಟಿದರೆ ಮಲಯಾಳಿಗಳ ಮತ್ತಿ. ಹೆಸರು ಎಷ್ಟಿದ್ದರೇನು, ಮರ್ಯಾದೆ ಎಲ್ಲ ಕಡೆಯೂ ಒಂದೇ. ಮನೆಗೆ ಅತಿಥಿ ಬಂದ ದಿನ ಬೂತಾಯಿ ಬೇಯಿಸಿದರೆ ಮನೆಯೊಡತಿಗೆ ಮುಖ ತೋರಿಸಲು ನಾಚಿಕೆ.

ಪರೀಕ್ಷೆಯ ತಿಂಗಳು ಬಂತೆಂದರೆ ಈ ಪಂಕ್ತಿಭೇದ ಅಡುಗೆಮನೆಯೊಳಕ್ಕೂ ಬರುತ್ತದೆ. ಎಸ್‌ಎಸ್‌ಎಲ್‌ಸಿಗೋ ಪಿಯುಸಿಗೋ ಕುಳಿತ ಮಗನಿಗೆಂದು ಅಪ್ಪ ಕೈಬಿಗಿ ಸಡಿಲಿಸಿ ಎರಡು ತುಂಡು ಅಂಜಲ್ ತರುತ್ತಾರೆ. ‘ಮೀನು ತಿಂದರೆ ತಲೆ ಚುರುಕಾಗುತ್ತದಂತೆ’ ಎಂಬ ಮಾತು ಕರಾವಳಿಯಲ್ಲಿ ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರಿಗೂ ಗೊತ್ತು. ಅಮ್ಮ ಆ ತುಂಡುಗಳಿಗೆ ದಪ್ಪಗೆ ಮಸಾಲೆ ಹಚ್ಚಿ, ರವೆಯಲ್ಲಿ ಹೊರಳಿಸಿ, ಬಾಣಲೆ ತುಂಬ ಎಣ್ಣೆಯಲ್ಲಿ ಕೆಂಪಗೆ ಕರಿದು ಮಗನ ಬಟ್ಟಲಿಗೆ ಹಾಕುತ್ತಾಳೆ. ತನಗೂ ಮಗಳಿಗೂ ನಿನ್ನೆಯ ಬೂತಾಯಿ ಪುಳಿಮುಂಚಿ ಇದೆಯಲ್ಲ, ಸಾಕು.

ಪ್ರೀತಿಯಲ್ಲಿ ಕೊರತೆಯಿಲ್ಲ, ಲೆಕ್ಕದಲ್ಲಿ ಮಾತ್ರ ತಪ್ಪಿದೆ. ಆ ದಿನ ಆ ಮನೆಯಲ್ಲಿ ಹೆಚ್ಚು ಪುಷ್ಟಿಯ ಊಟ ಮಾಡಿದವರು ಬಹುಮಟ್ಟಿಗೆ ಅಮ್ಮ ಮತ್ತು ಮಗಳು. ಅದು ಹೇಗೆಂದು ತಿಳಿಯಲು ಮೀನಿನ ಒಳಗೇನಿದೆ ಎಂಬುದನ್ನೂ, ಎಣ್ಣೆಗೆ ಬಿದ್ದ ಮೇಲೆ ಅದರಲ್ಲಿ ಏನು ಉಳಿಯುತ್ತದೆ ಎಂಬುದನ್ನೂ ನೋಡಬೇಕು.

ನೂರು ಗ್ರಾಂ ಮೀನಿನಲ್ಲಿ ಸುಮಾರು 18ರಿಂದ 20 ಗ್ರಾಂ ಪ್ರೋಟೀನ್ ಇರುತ್ತದೆ. ಅಂಜಲಾದರೂ ಅಷ್ಟೇ, ಬೂತಾಯಿಯಾದರೂ ಅಷ್ಟೇ. ಬೆಲೆಯ ಅಂತರ ಇಲ್ಲಿ ಕಾಣುವುದಿಲ್ಲ. ಐವತ್ತು ಕಿಲೋ ತೂಗುವ ಹುಡುಗನಿಗೋ ಹುಡುಗಿಗೋ ದಿನಕ್ಕೆ ಬೇಕಾದ ಪ್ರೋಟೀನು ನಲವತ್ತು ಗ್ರಾಮಿಗಿಂತ ತುಸು ಹೆಚ್ಚು. ಹಾಗಾಗಿ ಒಂದು ಹೊತ್ತಿನ ಮೀನು ಅದರಲ್ಲಿ ಅರ್ಧದಷ್ಟನ್ನು ತುಂಬಿಸುತ್ತದೆ. ಇದರ ಜೊತೆಗೆ ಮೀನಿನಲ್ಲಿ ಅಯೋಡಿನ್ ಇದೆ, ರಕ್ತಕ್ಕೂ ನರಗಳಿಗೂ ಬೇಕಾದ ಬಿ12 ಜೀವಸತ್ವ ಇದೆ. ಬೂತಾಯಿ, ಬಂಗುಡೆಯಂಥ ಜಿಡ್ಡಿನ ಮೀನುಗಳಲ್ಲಿ ಡಿ ಜೀವಸತ್ವವೂ ಇದೆ. ಬಿಸಿಲಿಗೆ ಮುಖ ತೋರಿಸದೆ ಶಾಲೆ, ಟ್ಯೂಷನ್, ಮತ್ತೆ ಮನೆ ಎಂದು ತಿರುಗುವ ಮಕ್ಕಳಿಗೆ ಇದು ಸಣ್ಣ ವಿಷಯವಲ್ಲ.

ಮೀನಿಗೆ ನಿಜವಾದ ಕೀರ್ತಿ ತಂದುಕೊಟ್ಟದ್ದು ಅದರ ಕೊಬ್ಬು. ಡೆನ್ಮಾರ್ಕಿನ ಬ್ಯಾಂಗ್ ಮತ್ತು ಡೈಯರ್‌ಬರ್ಗ್ ಎಂಬ ಸಂಶೋಧಕರು ಗ್ರೀನ್‌ಲ್ಯಾಂಡಿಗೆ ಹೋಗಿ, ಸೀಲ್ ಮತ್ತು ಮೀನನ್ನೇ ಉಂಡು ಬದುಕುವ ಅಲ್ಲಿನ ಇನ್ಯೂಟ್ ಜನರ ರಕ್ತ ಪರೀಕ್ಷಿಸಿ, 1971ರಲ್ಲಿ ಮೊದಲ ವರದಿ ಪ್ರಕಟಿಸಿದರು. ಅಷ್ಟು ಕೊಬ್ಬು ತಿನ್ನುವ ಜನರ ರಕ್ತದಲ್ಲಿ ಕೆಟ್ಟ ಕೊಬ್ಬು ಕಡಿಮೆಯಿರುವುದು ಹೇಗೆ ಎಂಬ ಅವರ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ಸಿಕ್ಕಿದ್ದು ಒಮೆಗಾ-3 ಎಂಬ ಕೊಬ್ಬಿನಾಮ್ಲಗಳು. ಅವುಗಳಲ್ಲಿ ಮುಖ್ಯವಾದವು ಎರಡು, ಇಪಿಎ ಮತ್ತು ಡಿಎಚ್‌ಎ. ಡಿಎಚ್‌ಎ ಮೆದುಳಿನ ಜೀವಕೋಶಗಳ ಹೊರಪದರಕ್ಕೂ ಕಣ್ಣಿನ ಅಕ್ಷಿಪಟಕ್ಕೂ ಬೇಕಾದ ಸಾಮಗ್ರಿ. ಅಜ್ಜಿಯ ಮಾತಿಗೆ ಇದು ಆಧಾರ.

ಹಾಗೆಂದು ಗಣಿತದ ಪರೀಕ್ಷೆಯ ಹಿಂದಿನ ರಾತ್ರಿ ಮೀನು ತಿನ್ನಿಸಿದರೆ ಅಂಕ ಏರುತ್ತದೆಂದು ನಂಬಬೇಕಾಗಿಲ್ಲ. ಮೆದುಳು ಡಿಎಚ್‌ಎಯನ್ನು ಬಹುಪಾಲು ಕೂಡಿಟ್ಟುಕೊಳ್ಳುವುದು ಗರ್ಭದ ಕೊನೆಯ ಮೂರು ತಿಂಗಳಲ್ಲಿ ಮತ್ತು ಹುಟ್ಟಿದ ಮೊದಲೆರಡು ವರ್ಷಗಳಲ್ಲಿ. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ 7ರಿಂದ 9 ವರ್ಷದ ಶಾಲಾ ಮಕ್ಕಳಿಗೆ 16 ವಾರ ಕಾಲ ದಿನಕ್ಕೆ 600 ಮಿಲಿಗ್ರಾಂ ಡಿಎಚ್‌ಎ ಕೊಟ್ಟು ನೋಡಿದರು. 2012ರಲ್ಲಿ ಬಂದ ವರದಿಯಲ್ಲಿ, ಓದಿನಲ್ಲಿ ತೀರಾ ಹಿಂದುಳಿದಿದ್ದ ಮಕ್ಕಳಿಗೆ ಸ್ವಲ್ಪ ಪ್ರಯೋಜನವಾದಂತೆ ಕಂಡಿತ್ತು. ಅದೇ ಪ್ರಯೋಗವನ್ನು ಮತ್ತೆ ಮಾಡಿ 2018ರಲ್ಲಿ ವರದಿ ಮಾಡಿದಾಗ ಆ ಪ್ರಯೋಜನ ಕಾಣಲಿಲ್ಲ. ಅಂದರೆ ಮೀನು ಬುದ್ಧಿಯ ಮಾತ್ರೆಯಲ್ಲ. ವರ್ಷವಿಡೀ ವಾರಕ್ಕೆರಡು ಬಾರಿ ಬಟ್ಟಲಿಗೆ ಬಂದರೆ ದೇಹವನ್ನು ಸುಸ್ಥಿತಿಯಲ್ಲಿಡುವ ಒಳ್ಳೆಯ ಆಹಾರ, ಅಷ್ಟೆ. ಓದುವ ಕೆಲಸ ಮಾತ್ರ ಓದುವವನದ್ದೇ.

ಈ ಒಮೆಗಾ-3 ಹೆಚ್ಚಾಗಿ ಇರುವುದು ಯಾವ ಮೀನಿನಲ್ಲಿ? ಇಲ್ಲಿ ಮಾರುಕಟ್ಟೆಯ ಪಂಕ್ತಿ ತಲೆಕೆಳಗಾಗುತ್ತದೆ. ಕಡೆಯ ಬುಟ್ಟಿಯ ಬೂತಾಯಿಯೇ ಮುಂದೆ, ಅದರ ಹಿಂದೆ ಬಂಗುಡೆ. ಬಿಳಿ ಮಾಂಸದ ಕಾಣೆ ರುಚಿಯಲ್ಲಿ ರಾಜನಾದರೂ ಕೊಬ್ಬಿನಲ್ಲಿ ಬಡವ. ಬೂತಾಯಿಗೆ ಇಂಗ್ಲಿಷಿನವರು ಇಟ್ಟ ಹೆಸರೇ ‘ಆಯಿಲ್ ಸಾರ್ಡಿನ್’, ಎಣ್ಣೆಯ ಮೀನು. ಅದರ ಮೈಯ ಜಿಡ್ಡು ಕಾಲಕ್ಕೆ ತಕ್ಕಂತೆ ಏರಿಳಿಯುತ್ತದೆ. ನೂರು ಗ್ರಾಮಿಗೆ ಮೂರು ನಾಲ್ಕು ಗ್ರಾಂ ಇದ್ದದ್ದು, ಮಳೆಗಾಲ ಮುಗಿದ ಮೇಲಿನ ತಿಂಗಳುಗಳಲ್ಲಿ ಹತ್ತನ್ನೂ ದಾಟುತ್ತದೆ. ‘ಮಳೆ ಹೋದ ಮೇಲಿನ ಬೂತಾಯಿಗೆ ನೆಣ ಹೆಚ್ಚು, ಕಾವಲಿಗೆ ಎಣ್ಣೆಯೇ ಬೇಡ’ ಎಂದು ಹೇಳುವ ಹಳೆಯ ತಲೆಗಳು ಯಾವ ಪ್ರಯೋಗಾಲಯಕ್ಕೂ ಹೋದವರಲ್ಲ, ಆದರೆ ಅವರ ಮಾತು ಸರಿ. ಅಂಥ ದಿನಗಳ ನೂರು ಗ್ರಾಂ ಬೂತಾಯಿಯಲ್ಲಿ ಒಂದು ಗ್ರಾಮಿಗೂ ಹೆಚ್ಚು ಇಪಿಎ ಮತ್ತು ಡಿಎಚ್‌ಎ ಸಿಗುತ್ತದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2010ರಲ್ಲಿ ದೊಡ್ಡವರಿಗೆ ದಿನಕ್ಕೆ 250 ಮಿಲಿಗ್ರಾಂ ಸಾಕೆಂದಿತು. ವಾರಕ್ಕೆ ಎರಡು ದಿನ ಬೂತಾಯಿ ತಿಂದವನಿಗೆ ಆ ಲೆಕ್ಕ ತುಂಬುತ್ತದೆ.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ಬೂತಾಯಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಹಿಂದೆ ಬಲೆ ತುಂಬ ಬಿದ್ದ ವರ್ಷ ಅದನ್ನು ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹಾಕುತ್ತಿದ್ದರು. ಬೇಯಿಸಿ ಹಿಂಡಿ ತೆಗೆದ ಎಣ್ಣೆಯನ್ನು ದೋಣಿಯ ಮರ ಹಾಳಾಗದಂತೆ ಬಳಿಯುತ್ತಿದ್ದರು. ಈಗ ಅದೇ ಬಗೆಯ ಎಣ್ಣೆ ಮೃದುವಾದ ಬಂಗಾರದ ಬಣ್ಣದ ಗುಳಿಗೆಯಾಗಿ ಔಷಧದಂಗಡಿಯ ಗಾಜಿನ ಕಪಾಟಿನಲ್ಲಿ ಕುಳಿತಿದೆ. ಬುಟ್ಟಿಯಲ್ಲಿದ್ದಾಗ ಮೂಗು ಮುರಿದವರು ಅದನ್ನು ಚೀಟಿ ಬರೆಸಿಕೊಂಡು ಕೊಳ್ಳುತ್ತಾರೆ.

ಇನ್ನು ಎಣ್ಣೆಗೆ ಬಿದ್ದ ಮೀನಿನ ಕಥೆ. ಕಾದ ಎಣ್ಣೆಗೆ ಮೀನು ಇಳಿಸಿದಾಗ ‘ಚೊಂಯ್’ ಎಂದು ಸದ್ದಾಗುತ್ತದಲ್ಲ, ಅದು ಮೀನಿನೊಳಗಿನ ನೀರು ಆವಿಯಾಗಿ ಹೊರಡುವ ಸದ್ದು. ನೀರು ಖಾಲಿ ಮಾಡಿದ ಜಾಗಕ್ಕೆ ಎಣ್ಣೆ ಬಂದು ಸೇರುತ್ತದೆ. ಕೊಬ್ಬಿಲ್ಲದ ಬಿಳಿ ಮೀನು ಈ ಎಣ್ಣೆಯನ್ನು ಚೆನ್ನಾಗಿಯೇ ಹೀರುತ್ತದೆ. ಜಿಡ್ಡಿನ ಮೀನಿನಲ್ಲಿ ನಡೆಯುವುದು ವಿನಿಮಯ. ಮೀನಿನ ಕೊಬ್ಬು ಬಾಣಲೆಗೆ ಇಳಿಯುತ್ತದೆ, ಬಾಣಲೆಯ ಎಣ್ಣೆ ಮೀನಿಗೆ ಏರುತ್ತದೆ. ಒಮೆಗಾ-3 ಆ ಕೆಲವೇ ನಿಮಿಷಗಳ ಬಿಸಿಗೆ ಪೂರ್ತಿ ನಾಶವಾಗುವುದಿಲ್ಲ. ಬಹುಪಾಲು ನಷ್ಟ ಆಗುವುದು ಅದು ಬಾಣಲೆಯಲ್ಲೇ ಉಳಿದುಬಿಡುವುದರಿಂದ. ಡಿ ಜೀವಸತ್ವವೂ ಕೊಬ್ಬಿನಲ್ಲಿ ಕರಗುವಂಥದ್ದು, ಅದೂ ಒಂದಿಷ್ಟು ಅದೇ ದಾರಿ ಹಿಡಿಯುತ್ತದೆ. ಪ್ರೋಟೀನಿಗೆ ಮಾತ್ರ ಹೆಚ್ಚಿನ ಧಕ್ಕೆಯಿಲ್ಲ.

ಪುಳಿಮುಂಚಿಯ ಹಿರಿಮೆ ಇಲ್ಲಿ ತಿಳಿಯುತ್ತದೆ. ಸಾರಿನಲ್ಲಿ ಬೇಯುವಾಗಲೂ ಮೀನಿನ ಕೊಬ್ಬು ಹೊರಬರುತ್ತದೆ, ಆದರೆ ಹೋಗುವುದು ಎಲ್ಲಿಗೆ? ಸಾರಿಗೇ. ಕುಚ್ಚಲಕ್ಕಿ ಅನ್ನಕ್ಕೆ ಆ ಸಾರು ಕಲಸಿ ಉಂಡವರ ಹೊಟ್ಟೆಗೇ ಅದು ಸೇರುತ್ತದೆ. ಕರಿದ ಮೀನಿನದು ಹಾಗಲ್ಲ. ಅದರ ಒಳ್ಳೆಯ ಪಾಲು ಬಾಣಲೆಯಲ್ಲಿ ಉಳಿದು, ಮರುದಿನ ಹಪ್ಪಳ ಕರಿಯಲು ಬಳಕೆಯಾಗುತ್ತದೆ.

ಕರಿದದ್ದು ಬೇರೆ, ಬೇಯಿಸಿದ್ದು ಬೇರೆ ಎಂಬುದನ್ನು ಜನರನ್ನು ಗಮನಿಸಿಯೂ ನೋಡಿದ್ದಾರೆ. ಅಮೆರಿಕದಲ್ಲಿ 65 ವರ್ಷ ದಾಟಿದ ಸಾವಿರಾರು ಮಂದಿಯನ್ನು ವರ್ಷಗಟ್ಟಲೆ ಗಮನಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಸುಟ್ಟ ಅಥವಾ ಒಲೆಯಲ್ಲಿ ಬೇಯಿಸಿದ ಮೀನು ತಿನ್ನುತ್ತಿದ್ದವರಲ್ಲಿ ಹೃದ್ರೋಗದ ಸಾವು ಕಡಿಮೆಯಿತ್ತು. ಕರಿದ ಮೀನು ತಿನ್ನುತ್ತಿದ್ದವರಲ್ಲಿ ಆ ಲಾಭ ಇರಲಿಲ್ಲ. 2014ರಲ್ಲಿ ಪಿಟ್ಸ್‌ಬರ್ಗ್‌ನ ಸಂಶೋಧಕರು 260 ಹಿರಿಯರ ಮೆದುಳಿನ ಚಿತ್ರ ತೆಗೆದು ನೋಡಿದಾಗ, ವಾರಕ್ಕೊಮ್ಮೆಯಾದರೂ ಕರಿಯದ ಮೀನು ತಿನ್ನುತ್ತಿದ್ದವರ ಮೆದುಳಿನಲ್ಲಿ ನೆನಪಿಗೆ ಸಂಬಂಧಿಸಿದ ಭಾಗಗಳು ಹೆಚ್ಚು ತುಂಬಿಕೊಂಡಿದ್ದವು. ಕರಿದ ಮೀನಿನವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಅಲ್ಲಿಯ ಕರಿದ ಮೀನೆಂದರೆ ಬಹಳ ಸಲ ಹಿಟ್ಟಿನ ದಪ್ಪ ಹೊದಿಕೆಯ ಬಿಳಿ ಮೀನು, ಅಂಗಡಿಯ ಬ್ರೆಡ್ಡಿನ ನಡುವೆ ಇಟ್ಟು ಕೊಡುವಂಥದ್ದು. ಅದನ್ನು ತಿನ್ನುವವರ ಉಳಿದ ಅಭ್ಯಾಸಗಳೂ ಬೇರೆ ಇದ್ದಾವು. ಅದನ್ನೇ ಬಜ್ಪೆಯ ಅಡುಗೆಮನೆಗೆ ತಂದು ಅಂಟಿಸಲಾಗದು. ಆದರೂ ಬಾಣಲೆ ತುಂಬ ಎಣ್ಣೆ ಸುರಿಯುವ ಕೈ ಒಂದು ಕ್ಷಣ ತಡೆಯುವಷ್ಟು ವಿಷಯ ಅದರಲ್ಲಿದೆ.

ಹಾಗಾದರೆ ಮೀನು ಹುರಿಯುವುದನ್ನೇ ಬಿಡಬೇಕೇ? ಕರಾವಳಿಯವರ ಮುಂದೆ ಈ ಮಾತು ಆಡಿದರೆ ಬಂದ ದಾರಿಗೆ ಸುಂಕವಿಲ್ಲ. ಬಿಡಬೇಕಾಗಿಯೂ ಇಲ್ಲ. ಕಾವಲಿಯ ಮೇಲೆ ಹುರಿಯುವುದಕ್ಕೂ ಬಾಣಲೆಯಲ್ಲಿ ಮುಳುಗಿಸಿ ಕರಿಯುವುದಕ್ಕೂ ಬಹಳ ಅಂತರವಿದೆ. ಬ್ಯಾಡಗಿ ಮೆಣಸು, ಹುಣಸೆಹುಳಿ, ಬೆಳ್ಳುಳ್ಳಿ, ಅರಿಸಿನ, ಉಪ್ಪು ಅರೆದು ಹಚ್ಚಿ ಅರ್ಧ ಗಂಟೆ ಇಟ್ಟ ಬೂತಾಯಿಯನ್ನು, ಎಣ್ಣೆ ಸವರಿದ ಕಬ್ಬಿಣದ ಕಾವಲಿಯ ಮೇಲೆ ಹದ ಉರಿಯಲ್ಲಿ ಎರಡೂ ಮಗ್ಗುಲು ಕಾಯಿಸಿದರೆ ಸಾಕು. ಮೀನು ತನ್ನ ಎಣ್ಣೆಯಲ್ಲಿ ತಾನೇ ಬೇಯುತ್ತದೆ. ಒಂದು ದೊಡ್ಡ ಚಮಚ ಎಣ್ಣೆಯೆಂದರೆ ಸುಮಾರು 120 ಕ್ಯಾಲೊರಿ. ನಾಲ್ಕು ಜನರ ಮೀನಿಗೆ ಎರಡು ಚಮಚದಲ್ಲಿ ಕೆಲಸ ಮುಗಿದರೆ, ತಲೆಗೆ ಅರ್ಧ ಚಮಚ. ರವೆಯ ಹೊದಿಕೆ ಗರಿಗರಿ ಎನ್ನಿಸಿದರೂ ಎಣ್ಣೆ ಕುಡಿಯುವುದು ಅದೇ. ಅದನ್ನು ಹಬ್ಬದ ದಿನಕ್ಕೆ ಇಟ್ಟುಕೊಳ್ಳಬಹುದು. ಕಪ್ಪಗೆ ಸೀಯುವ ತನಕ ಬಿಡುವುದೂ ಒಳ್ಳೆಯದಲ್ಲ. ಸೀದ ಮಾಂಸದಲ್ಲಿ ದೇಹಕ್ಕೆ ಬೇಡವಾದ ರಾಸಾಯನಿಕಗಳು ಹುಟ್ಟುತ್ತವೆ.

ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದು ಇನ್ನೊಂದು ಕೆಟ್ಟ ಚಾಳಿ. ಮನೆಯಲ್ಲಾದರೆ ಅದು ಜಿಪುಣತನ, ಹೋಟೆಲಿನಲ್ಲಾದರೆ ವ್ಯಾಪಾರ. ಕಾದು ಕಾದು ಹಳಸಿದ ಎಣ್ಣೆಯಲ್ಲಿ ಹುಟ್ಟುವ ಪೋಲಾರ್ ಸಂಯುಕ್ತಗಳು ಶೇಕಡಾ 25ನ್ನು ಮೀರಿದರೆ ಆ ಎಣ್ಣೆ ಬಳಸಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈಯಿಂದ ನಿಯಮ ತಂದಿತು. ನಿಯಮ ಕಾಗದದಲ್ಲಿದೆ, ಬಾಣಲೆ ಬೀದಿಯಲ್ಲಿದೆ. ಎಣ್ಣೆ ಕಪ್ಪಾಗಿ, ಮಂದವಾಗಿ, ನೊರೆ ಬರುತ್ತಿದ್ದರೆ ಆ ಗಾಡಿಯ ಮುಂದೆ ನಿಲ್ಲದಿರುವುದೇ ಜಾಣತನ.

ಊರು ಬಿಟ್ಟು ಬೆಂಗಳೂರಿನ ಹಾಸ್ಟೆಲ್ಲಿಗೋ ಪಿ.ಜಿ.ಗೋ ಸೇರಿದ ಹುಡುಗ ಹುಡುಗಿಯರಿಗೆ ಈ ಮಾತು ಹೆಚ್ಚು ಮುಖ್ಯ. ಸಂಜೆ ಹಸಿದು ಬರುವ ಹೊತ್ತಿಗೆ ಬೀದಿಯ ಮೂಲೆಯಲ್ಲಿ ಕೆಂಪು ಮೀನಿನ ಕಬಾಬು ಕರೆಯುತ್ತಿರುತ್ತದೆ. ಆ ಕೆಂಪು ಎಷ್ಟೋ ಕಡೆ ಮೆಣಸಿನದಾಗಿರಲಿಲ್ಲ. ಕಬಾಬುಗಳ ಮಾದರಿ ಪರೀಕ್ಷಿಸಿ ಕೃತಕ ಬಣ್ಣ ಪತ್ತೆಯಾದ ಮೇಲೆ, ರಾಜ್ಯ ಸರಕಾರ 2024ರ ಜೂನ್‌ನಲ್ಲಿ ಕೋಳಿ ಮತ್ತು ಮೀನಿನ ಕಬಾಬಿಗೆ ಬಣ್ಣ ಹಾಕುವುದನ್ನು ನಿಷೇಧಿಸಿತು. ಹೋಟೆಲಿನ ಮುಳ್ಳಿಲ್ಲದ ಬಿಳಿ ತುಂಡು ಬಹಳ ಸಲ ಬಾಸಾ ಎಂಬ ಸಿಹಿನೀರಿನ ಸಾಕಿದ ಮೀನು. ಪ್ರೋಟೀನಿಗೆ ಅಡ್ಡಿಯಿಲ್ಲ, ಒಮೆಗಾ-3 ಮಾತ್ರ ತೀರಾ ಕಡಿಮೆ. ‘ಮೀನು ತಿಂದೆ ಅಮ್ಮ’ ಎಂದು ಮಗಳು ಫೋನಿನಲ್ಲಿ ಹೇಳುವುದು ಸುಳ್ಳಲ್ಲ. ಅಮ್ಮ ಮನಸ್ಸಿನಲ್ಲಿ ಕಾಣುವ ಮೀನು ಮಾತ್ರ ಅದಲ್ಲ.

ಮುಳ್ಳಿನ ಭಯವೇ ಈ ಬಿಳಿ ತುಂಡಿಗೆ ಇಷ್ಟು ಗಿರಾಕಿ ತಂದದ್ದು. ಬೂತಾಯಿಯ ಬೆನ್ನು ಒತ್ತಿ, ನಡುಮುಳ್ಳನ್ನು ಬಾಚಣಿಗೆಯಂತೆ ಇಡಿಯಾಗಿ ಎತ್ತಿ ತೆಗೆಯುವುದು ಹಿಂದೆ ಐದು ವರ್ಷದ ಮಗುವಿಗೂ ಬರುತ್ತಿದ್ದ ವಿದ್ಯೆ. ಬೆರಳುದ್ದದ ಕಿರುಮೀನುಗಳನ್ನು ಗರಿಗರಿಯಾಗಿ ಹುರಿದರೆ ಮುಳ್ಳನ್ನೂ ಅಗಿದು ತಿನ್ನಬಹುದು. ಮೀನಿನ ಸುಣ್ಣದ ಅಂಶ ಇರುವುದೇ ಆ ಮುಳ್ಳಿನಲ್ಲಿ. ಮುಳ್ಳು ತೆಗೆದ ತುಂಡಿನಲ್ಲಿ ಅದನ್ನು ಹುಡುಕಿದರೆ ಸಿಕ್ಕುವುದಿಲ್ಲ.

ಸಣ್ಣ ಮೀನಿಗೆ ಇನ್ನೊಂದು ಗುಣವಿದೆ. ದೊಡ್ಡ ಮೀನು ಸಣ್ಣ ಮೀನನ್ನು ತಿಂದು ಬೆಳೆಯುತ್ತದೆ, ಕಡಲಿನ ಪಾದರಸವೂ ತಿಂದ ಮೀನಿನಿಂದ ತಿಂದ ಮೀನಿಗೆ ದಾಟಿ ದೊಡ್ಡದರಲ್ಲಿ ಶೇಖರವಾಗುತ್ತದೆ. ಅಂಜಲಿನ ಹತ್ತಿರದ ಬಂಧುವೊಂದು ಅಮೆರಿಕದ ಕಡಲಲ್ಲಿದೆ. ಅಲ್ಲಿಯ ಆಹಾರ ಮತ್ತು ಔಷಧ ಆಡಳಿತ ಅದನ್ನು ಗರ್ಭಿಣಿಯರೂ ಮಕ್ಕಳೂ ತಿನ್ನಬಾರದ ಮೀನುಗಳ ಪಟ್ಟಿಯಲ್ಲಿಟ್ಟಿದೆ, ಸಾರ್ಡಿನ್ ಅನ್ನು ಉತ್ತಮ ಆಯ್ಕೆಗಳ ಪಟ್ಟಿಯಲ್ಲಿಟ್ಟಿದೆ. ಅಪರೂಪಕ್ಕೆ ತಿಂದ ಒಂದು ತುಂಡು ಅಂಜಲಿನಿಂದ ಯಾರೂ ಹೆದರಬೇಕಾಗಿಲ್ಲ. ಮಕ್ಕಳ ವಾರದ ಮೀನು ಯಾವುದಿರಬೇಕು ಎಂಬುದಕ್ಕೆ ಮಾತ್ರ ಉತ್ತರ ಅಲ್ಲಿದೆ.

ಬೂತಾಯಿ, ಬಂಗುಡೆಗಳಲ್ಲಿ ಒಂದು ಎಚ್ಚರ ಬೇಕು. ಇವನ್ನು ಹಿಡಿದೊಡನೆ ಮಂಜುಗಡ್ಡೆಯಲ್ಲಿ ಇಡದಿದ್ದರೆ ಬ್ಯಾಕ್ಟೀರಿಯಾಗಳ ಕೆಲಸದಿಂದ ಹಿಸ್ಟಮಿನ್ ಎಂಬ ವಸ್ತು ಸೇರಿಕೊಳ್ಳುತ್ತದೆ. ಅಂಥ ಮೀನು ತಿಂದರೆ ಮುಖ ಕೆಂಪಾಗಿ, ಮೈ ತುರಿಸಿ, ತಲೆ ಸಿಡಿಯುತ್ತದೆ. ಮನೆಯವರು ‘ಮಗುವಿಗೆ ಮೀನು ಆಗುವುದಿಲ್ಲ’ ಎಂದುಕೊಂಡು ಅದನ್ನೇ ಬಿಡಿಸಿಬಿಡುತ್ತಾರೆ. ‘ಸ್ವಲ್ಪ ಹಳತಾದರೇನು, ಚೆನ್ನಾಗಿ ಹುರಿದರಾಯಿತು’ ಎಂಬ ಉಪಾಯ ಇಲ್ಲಿ ನಡೆಯುವುದಿಲ್ಲ. ಹಿಸ್ಟಮಿನ್ ಎಣ್ಣೆಯ ಬಿಸಿಗೆ ಬಗ್ಗುವಂಥದ್ದಲ್ಲ. ಕಣ್ಣು ಉಬ್ಬಿ ಹೊಳೆಯಬೇಕು, ಕಿವಿರು ಕೆಂಪಗಿರಬೇಕು, ಒತ್ತಿದ ಬೆರಳಿನ ಗುರುತು ಉಳಿಯಬಾರದು. ಹುರಿಯುವ ಕೈಗಿಂತ ಆರಿಸುವ ಕಣ್ಣು ಮುಖ್ಯ.

ಮೀನು ಮುಟ್ಟದ ಮನೆಗಳೂ ನಾಡಿನಲ್ಲಿ ಬೇಕಾದಷ್ಟಿವೆ. ಆ ಮನೆಯ ಮಕ್ಕಳು ಓದಿನಲ್ಲಿ ಹಿಂದೆ ಬಿದ್ದಿಲ್ಲ ಎಂಬುದಕ್ಕೆ ಯಾವ ಸಂಶೋಧನೆಯೂ ಬೇಡ. ಅಗಸೆಬೀಜ, ಅಕ್ರೋಟುಗಳಲ್ಲಿ ಒಮೆಗಾ-3ರ ಇನ್ನೊಂದು ರೂಪವಿದೆ, ದೇಹ ಅದರಲ್ಲಿ ಸ್ವಲ್ಪ ಭಾಗವನ್ನು ಬದಲಾಯಿಸಿಕೊಳ್ಳುತ್ತದೆ. ಪ್ರೋಟೀನಿಗೆ ಬೇಳೆ, ಬಿ12ಕ್ಕೆ ಹಾಲು ಮೊಸರು ಇದ್ದೇ ಇವೆ. ಡಬ್ಬಿಯಲ್ಲಿ ಮೀನು ತಂದ ಹುಡುಗಿ ಅದನ್ನು ಮುಚ್ಚಿಟ್ಟುಕೊಂಡು ತಿನ್ನುವಂತೆಯೂ ಆಗಬಾರದು, ತಾರದವಳು ಏನೋ ಕಳೆದುಕೊಂಡೆನೆಂದು ಕೊರಗುವಂತೆಯೂ ಆಗಬಾರದು.

ಕಡೆಗೆ ಉಳಿಯುವುದು ಬಟ್ಟಲಿನ ನ್ಯಾಯ. ಸರಕಾರದ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಇದೆ. ಮೀನೊಂದರಿಂದ ಇದು ಗುಣವಾಗುವುದಿಲ್ಲ. ಅದರಲ್ಲಿ ಕಬ್ಬಿಣ ಅಷ್ಟೇನೂ ಹೇರಳವಲ್ಲ. ಆದರೆ ಜೊತೆಯ ಸೊಪ್ಪು, ಕಾಳುಗಳ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ಮೀನು ನೆರವಾಗುತ್ತದೆ. ಪುಳಿಮುಂಚಿ ಒಳ್ಳೆಯದೆಂದು ತಿಳಿದ ಮೇಲೆ ಅಮ್ಮ ಅದನ್ನೂ ಪೂರ್ತಿ ಮಗನ ಬಟ್ಟಲಿಗೇ ಸುರಿದು, ತಾನೂ ಮಗಳೂ ಬರಿಯ ಸಾರಿನಲ್ಲಿ ಮುಗಿಸುವ ಅಪಾಯವಿದೆ. ಹಾಗಾದರೆ ಈ ತಿಳಿವಳಿಕೆಯಿಂದ ಮನೆಗೆ ನಷ್ಟವೇ. ಎರಡು ತುಂಡು ಅಂಜಲಿನ ದುಡ್ಡಿಗೆ ನಾಲ್ವರಿಗೂ ಸಾಕಾಗುವಷ್ಟು ಬೂತಾಯಿ ಬರುತ್ತದೆ. ಹತ್ತಿದ್ದರೆ ಎಲ್ಲರಿಗೂ ಎರಡೆರಡು, ಉಳಿದೆರಡಕ್ಕೆ ಜಗಳ.

ಮೀನಿನ ದೋಣಿಗಳಿಗೆ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ 61 ದಿನಗಳ ರಜೆ. ಬಲೆಗಳು ಮತ್ತೆ ಕಡಲಿಗಿಳಿದು, ನೆಣ ತುಂಬಿದ ಬೂತಾಯಿ ಬುಟ್ಟಿಗೆ ಬರುವ ಹೊತ್ತಿಗೆ ಕಾಲೇಜುಗಳೂ ಶುರುವಾಗಿರುತ್ತವೆ. ದಸರೆಯ ರಜೆಗೆ ಮಕ್ಕಳು ಊರಿಗೆ ಬಂದಾಗ ಕಾವಲಿಯ ಮುಂದೆ ಅವರನ್ನೇ ನಿಲ್ಲಿಸುವುದು ಒಳ್ಳೆಯದು, ಗಂಡುಮಕ್ಕಳನ್ನಂತೂ ಖಂಡಿತ. ಮೀನು ಆರಿಸಲು, ಮುಳ್ಳು ಬಿಡಿಸಲು, ಅರ್ಧ ಚಮಚ ಎಣ್ಣೆಯಲ್ಲಿ ಕಾಯಿಸಲು ಕಲಿತ ಹುಡುಗ ಯಾವ ಊರಿಗೆ ಹೋದರೂ ಹಸಿದಿರಲಾರ. ಮೊದಲ ಸಲ ಒಂದೆರಡು ಸೀದುಹೋದಾವು. ಬೂತಾಯಿ ತಾನೆ, ಅಂಜಲಿನಷ್ಟು ಹೊಟ್ಟೆ ಉರಿಯುವುದಿಲ್ಲ.